ಹ್ಯಾಂಡಲ್ ಲಾಕ್ ಹಾಕಿದರೆ ಬೈಕ್ ಸೇಫಾ?

"ಹ್ಯಾಂಡಲ್ ಲಾಕ್ ಹಾಕಿದ್ರೆ ಸಾಕು, ಬೇರೆ ಬೀಗ ದುಡ್ಡು ದಂಡ" ಅನ್ನೋ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಮಾತು ಸರಿಯಿಲ್ಲ.

ಹ್ಯಾಂಡಲ್ ಲಾಕ್ ಅಂದರೆ ಒಂದು ಚಿಕ್ಕ ಲೋಹದ ಪಿನ್. ಹ್ಯಾಂಡಲ್ ತಿರುಗಿಸಿ ಕೀ ಹಾಕಿದಾಗ ಅದು ಹೋಗಿ ಒಂದು ಗುಂಡಿಯಲ್ಲಿ ಕೂರುತ್ತದೆ. ಹ್ಯಾಂಡಲ್ ನೇರವಾಗದಂತೆ ತಡೆಯುವುದಷ್ಟೇ ಅದರ ಕೆಲಸ. ಜೋರಾಗಿ ಒತ್ತಿದರೆ ಪಿನ್ ಮುರಿಯಬಹುದು. ಮುರಿಯದಿದ್ದರೂ, ಇಬ್ಬರು ಮೂವರು ಸೇರಿ ಬೈಕನ್ನೇ ಎತ್ತಿ ವ್ಯಾನಿಗೆ ಹಾಕಿಕೊಂಡು ಹೋಗಬಹುದು, ಅಲ್ವಾ? ಡಿಸ್ಕ್ ಲಾಕ್, ಅಂದರೆ ಚಕ್ರದ ಬ್ರೇಕ್ ಡಿಸ್ಕಿಗೆ ಹಾಕುವ ಬೀಗ, ಕೂಡ ಚಕ್ರ ಉರುಳುವುದನ್ನು ತಡೆಯುತ್ತದೆ, ಎತ್ತುವುದನ್ನಲ್ಲ.

ಇದನ್ನು ನೀವೇ ನೋಡಬಹುದು. ಲಾಕ್ ಹಾಕಿ, ಬೈಕಿನ ಸುತ್ತ ಒಂದು ಸಲ ನಡೆಯಿರಿ. ನೆಲಕ್ಕೋ ಕಂಬಕ್ಕೋ ಅದನ್ನು ಹಿಡಿದಿಟ್ಟಿರುವುದು ಏನಾದರೂ ಇದೆಯಾ? ಇಂಥ ಯಾವ ಮೆಸೇಜ್ ಬಂದರೂ ಇದೇ ರೀತಿ ಕೇಳಿ: ಈ ಉಪಾಯ ಯಾವುದನ್ನು ತಡೆಯುತ್ತದೆ, ಯಾವುದನ್ನು ಬಿಡುತ್ತದೆ? ಬೈಕಿನ ಜೊತೆ ಬಂದ ಕೈಪಿಡಿಯಲ್ಲಿ ಏನು ಬರೆದಿದೆ? "ಎಲ್ಲರಿಗೂ ಕಳಿಸಿ" ಅನ್ನೋದು ಬಿಟ್ಟರೆ ಕಾರಣ ಏನಾದರೂ ಕೊಟ್ಟಿದ್ದಾರಾ?

ಹೊರಗೆ ನಿಲ್ಲಿಸುವವರಿಗೆ ನನ್ನ ಸಲಹೆ ದಪ್ಪ ಚೈನ್. ಅದನ್ನು ಫ್ರೇಮಿನ ಮೂಲಕ, ಆಗದಿದ್ದರೆ ಹಿಂದಿನ ಚಕ್ರದ ಮೂಲಕ ಹಾಯಿಸಿ, ಕಿತ್ತು ಬರದ ಗಟ್ಟಿ ಕೊಂಡಿಗೆ ಕಟ್ಟಿ. ಚೈನ್ ನೆಲದ ಮೇಲೆ ಬಿದ್ದಿರಬಾರದು. ನೆಲವೇ ಆಸರೆಯಾದರೆ ಕತ್ತರಿಸುವುದು ಸುಲಭ. ಮೇಲೊಂದು ಕವರ್ ಹಾಕಿದರೆ ಯಾವ ಬೈಕ್ ಅಂತ ದಾರಿಯಿಂದ ಗೊತ್ತಾಗುವುದಿಲ್ಲ. ಹ್ಯಾಂಡಲ್ ಲಾಕ್? ಅದನ್ನೂ ಹಾಕಿ, ಖರ್ಚೇನಿಲ್ಲ.