ಓಲೈಕೆ ಬರೀ ಹೊಗಳಿಕೆಯಲ್ಲ

‘ಓಲೈಸು ಅಂದರೆ ಹೊಗಳಿ ಕೆಲಸ ಸಾಧಿಸಿಕೊಳ್ಳುವುದು’ ಎಂದು ಈ ಪದದ ಬಗ್ಗೆ ಬರೆದ ಲೇಖನವೊಂದರಲ್ಲಿ ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಅಷ್ಟು ಸರಳವಲ್ಲ ಸ್ವಾಮಿ. ಹಳಗನ್ನಡದಲ್ಲಿ ಓಲಗಿಸು, ಓಲೈಸು ಎಂದರೆ ಸೇವೆ ಮಾಡು ಎಂದೇ ಅರ್ಥ. ಓಲಗ ಅಂದರೆ ರಾಜಸಭೆ, ಸೇವೆ ಎರಡೂ. ದೇವರನ್ನು ಓಲೈಸುವುದರಲ್ಲಿ ಆಗ ಯಾವ ಕೊಂಕೂ ಇರಲಿಲ್ಲ. ಈಗ ‘ಮತದಾರರ ಓಲೈಕೆಗೆ ಬಜೆಟ್’ ಅಂತ ತಲೆಬರಹ ಕಂಡರೆ ಸಾಕು, ಬೈಗುಳ ಅಂತ ಗೊತ್ತಾಗುತ್ತೆ.

ಹೊಗಳುವುದಕ್ಕೆ ಬಾಯಿ ಸಾಕು. ಓಲೈಸಬೇಕಾದರೆ ಏನನ್ನಾದರೂ ಕೊಡಬೇಕು, ಇಲ್ಲವೇ ಬಿಟ್ಟುಕೊಡಬೇಕು. 1938ರ ಮ್ಯೂನಿಕ್ ಒಪ್ಪಂದದಲ್ಲಿ ಬ್ರಿಟನ್, ಫ್ರಾನ್ಸ್ ಸೇರಿಕೊಂಡು ಹಿಟ್ಲರ್‌ಗೆ ಚೆಕೊಸ್ಲೊವಾಕಿಯಾದ ಸುಡೇಟನ್‌ಲ್ಯಾಂಡ್ ಪ್ರದೇಶವನ್ನು ಬಿಟ್ಟುಕೊಟ್ಟವಲ್ಲ, ಅದನ್ನು ಓಲೈಕೆ ನೀತಿ ಅನ್ನುತ್ತೇವೆ. ಅಲ್ಲಿ ಹೊಗಳಿಕೆ ಎಲ್ಲಿ ಬಂತು? (ಅದನ್ನೇ ‘ತುಷ್ಟೀಕರಣ’ ಅಂತ ಬರೆಯುವವರಿದ್ದಾರೆ. ಕನ್ನಡದ್ದೇ ಪದ ಇರುವಾಗ ಆ ಭಾರ ಯಾಕೋ!)

ಒಲಿಸು, ಓಲೈಸು ಎರಡೂ ಒಂದೇ ಎಂದು ಲೇಖಕರು ಅಂದಿದ್ದನ್ನೂ ಒಪ್ಪಲಾರೆ. ‘ಎಷ್ಟು ಓಲೈಸಿದರೂ ಒಲಿಯಲಿಲ್ಲ’ ಅನ್ನಬಹುದು. ‘ಒಲಿಸಿದೆ, ಆದರೆ ಒಲಿಯಲಿಲ್ಲ’ ಅಂದು ನೋಡಿ, ಮಾತೇ ಕೂರುವುದಿಲ್ಲ. ಒಲಿಸುವುದರಲ್ಲಿ ಫಲ ಸಿಕ್ಕಾಗಿದೆ, ಓಲೈಸುವುದರಲ್ಲಿ ಬರೀ ಪ್ರಯತ್ನ. ಪೂಸಿ ಹೊಡೆಯುವುದು, ಬೆಣ್ಣೆ ಹಚ್ಚುವುದು ಇವೆಲ್ಲ ಹೊಗಳಿಕೆಯ ಕಡೆಯವು. ಲೇಖಕರ ವಿವರಣೆ ಅವಕ್ಕೆ ಸರಿಹೊಂದುತ್ತೆ. ಅಳುವ ಮಗುವನ್ನು ರಮಿಸುತ್ತೇವೆ, ಓಲೈಸುವುದಿಲ್ಲ.

ಇನ್ನೊಂದು ತಮಾಷೆ: ‘ನಾನು ಅವರನ್ನು ಓಲೈಸುತ್ತಿದ್ದೇನೆ’ ಅಂತ ಯಾವ ರಾಜಕಾರಣಿಯೂ ಹೇಳುವುದಿಲ್ಲ. ತಾವು ಮಾಡಿದರೆ ಅದು ‘ವಿಶ್ವಾಸಕ್ಕೆ ತೆಗೆದುಕೊಳ್ಳುವುದು’, ಎದುರಿನವರು ಮಾಡಿದರೆ ಓಲೈಕೆ.