ಯೂದ ತನ್ನ ಪಾಪವನ್ನು ಯಾರ ಹತ್ತಿರ ಹೇಳಿಕೊಂಡ?

ಯೇಸುವಿನ ಇಬ್ಬರು ಶಿಷ್ಯರಲ್ಲಿ, ಅವನನ್ನು ಅರಿಯೆನೆಂದ ಪೇತ್ರನದು ಸಣ್ಣ ತಪ್ಪು, ಹಣಕ್ಕೆ ಹಿಡಿದುಕೊಟ್ಟ ಯೂದನದು ದೊಡ್ಡದು ಅಂತ ಸಲೀಸಾಗಿ ಹೇಳಿಬಿಡುತ್ತೇವೆ. ಯೇಸುವಿನ ಬದುಕನ್ನು ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನರ ಸುವಾರ್ತೆಗಳನ್ನು ನಿಧಾನವಾಗಿ ಓದಿದರೆ ಅಷ್ಟು ಸಲೀಸಲ್ಲ.

ಪೇತ್ರ ಒಮ್ಮೆಗೇ ಬೀಳಲಿಲ್ಲ. ಯೇಸುವನ್ನು ಹಿಡಿದೊಯ್ದಾಗ ಮೊದಲು ದೂರದಿಂದ ಹಿಂಬಾಲಿಸಿದ. ಆಮೇಲೆ ಮಹಾಯಾಜಕನ ಅಂಗಳದಲ್ಲಿ, ಅವನ ಆಳುಗಳ ಜೊತೆಗೇ ಬೆಂಕಿ ಕಾಯಿಸಿಕೊಂಡ. ಚಳಿಯಿತ್ತು, ನಿಜ. ನೀನೂ ಯೇಸುವಿನ ಜೊತೆಗಿದ್ದವನಲ್ಲವೇ ಎಂದು ಮೊದಲು ಕೇಳಿದವಳು ಒಬ್ಬ ದಾಸಿ. "ನೀನು ಏನು ಹೇಳ್ತೀಯೋ ನನಗೆ ಗೊತ್ತಿಲ್ಲ" ಅಂದ. ಪೂರ್ತಿ ಸುಳ್ಳೂ ಅಲ್ಲ, ಜಾರಿಕೊಳ್ಳುವ ಮಾತು. ನಮ್ಮ ಅಲ್ಲಗಳೆಯುವಿಕೆ ಶುರುವಾಗುವುದೂ ಹೆಚ್ಚಾಗಿ ಹೀಗೇ. ಮಾರ್ಕನ ಪ್ರಕಾರ ಅವನು ಅಲ್ಲಿಂದೆದ್ದು ಬಾಗಿಲ ಕಡೆ ಸರಿದ, ಆದರೆ ಜಾಗ ಬಿಟ್ಟು ಹೋಗಲಿಲ್ಲ. ಎರಡನೆಯ ಸಲಕ್ಕೂ ಮೂರನೆಯ ಸಲಕ್ಕೂ ನಡುವೆ ಸುಮಾರು ಒಂದು ಗಂಟೆ ಅಂತರ ಎಂದು ಲೂಕ ಬರೆಯುತ್ತಾನೆ. ತಿದ್ದಿಕೊಳ್ಳಲು ಒಂದಿಡೀ ಗಂಟೆ! ಕೊನೆಗೆ ಗಲಿಲಾಯದ ಮಾತಿನ ಧಾಟಿಯೇ ಅವನ ಗುಟ್ಟು ಬಿಟ್ಟುಕೊಟ್ಟಿತು. ಆಗ ಆಣೆಯಿಟ್ಟು, ಶಪಿಸಿಕೊಂಡು ಅಲ್ಲಗಳೆದ.

ಯೂದನ ಕಥೆಯೂ ಯೇಸುವನ್ನು ಹಿಡಿದುಕೊಡಲು ಪಡೆದ 30 ಬೆಳ್ಳಿ ನಾಣ್ಯಗಳಿಂದ ಶುರುವಾಗುವುದಿಲ್ಲ. ಶಿಷ್ಯರ ಹಣದ ಚೀಲ ಅವನ ಕೈಲಿತ್ತು, ಅದರಲ್ಲಿ ಕದಿಯುತ್ತಿದ್ದ ಎನ್ನುತ್ತಾನೆ ಯೋಹಾನ.

ಆದರೆ ಅವನೂ ಪಶ್ಚಾತ್ತಾಪಪಟ್ಟ. ಮತ್ತಾಯ 27 ನೋಡಿ: ಹಣ ವಾಪಸ್ ತಂದ, ನಿರ್ದೋಷಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ಹೇಳಿದ್ದು ಮಾತ್ರ ಹಣ ಕೊಟ್ಟವರ ಹತ್ತಿರ. "ಅದು ನಮಗೇನು? ನೀನೇ ನೋಡಿಕೋ" ಅಂದರು ಯಾಜಕರು. ಅಲ್ಲಿಂದ ಹೋದವನು ಮತ್ತೆ ಬರಲಿಲ್ಲ. ಪೇತ್ರ ಬಿಕ್ಕಿಬಿಕ್ಕಿ ಅತ್ತ, ಆದರೂ ಶಿಷ್ಯರ ನಡುವೆಯೇ ಉಳಿದ. ನನ್ನ ಕಣ್ಣಿಗೆ ಇಬ್ಬರ ನಡುವಿನ ಅಂತರ ಇದು, ಪಾಪದ ತೂಕವಲ್ಲ.

ಯಾಜಕರ ಆ ಮಾತು ನನ್ನನ್ನು ಬಹಳ ಕಾಡುತ್ತದೆ. ಬಿದ್ದವನು ಬಂದಾಗ ನಮ್ಮ ಕ್ರೈಸ್ತ ಸಭೆಗಳೂ ಎಷ್ಟೋ ಸಲ ಅದನ್ನೇ ಹೇಳುತ್ತವೆ, ಬಾಯಿಂದಲ್ಲದಿದ್ದರೂ ಮುಖದಿಂದ.

ಯೋಹಾನ 21ರಲ್ಲಿ, ಯೇಸು ಸತ್ತು ಎದ್ದ ಮೇಲೆ, ಸರೋವರದ ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಆ ಪದ ಬರುವುದು ಎರಡೇ ಕಡೆ: ಪೇತ್ರ ಅಲ್ಲಗಳೆದ ಅಂಗಳದಲ್ಲಿ, ಮತ್ತು ಈ ದಡದಲ್ಲಿ. ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ಯೇಸು ಮೊದಲು ಊಟಕ್ಕೆ ಕರೆದ. ಊಟವಾದ ಮೇಲೆ ಮೂರು ಸಲ ಕೇಳಿದ, "ನನ್ನನ್ನು ಪ್ರೀತಿಸುತ್ತೀಯಾ?" ಯಾಕೆ ಹಾಗೆ ಮಾಡಿದೆ ಅಂತ ಒಮ್ಮೆಯೂ ಕೇಳಲಿಲ್ಲ. ಪ್ರತಿ ಉತ್ತರದ ಬೆನ್ನಿಗೂ ಕುರಿ ಕಾಯುವ ಕೆಲಸ ಒಪ್ಪಿಸಿದ.