ಲಕ್ಷ್ಮಿಯ ಬೆನ್ನ ಹಿಂದೆ

ಚಿಕ್ಕಬಳ್ಳಾಪುರದ ನಮ್ಮ ಹಳೇ ಮನೆಯ ನಡುಮನೆಯಲ್ಲಿ ಮೊನ್ನೆ ಮೊನ್ನೆಯವರೆಗೂ 2013ರ ಕ್ಯಾಲೆಂಡರ್ ನೇತಾಡುತ್ತಿತ್ತು. ಲಕ್ಷ್ಮಿಯ ಪಟ ಚೆನ್ನಾಗಿದೆ ಅಂತ ಇಟ್ಟುಕೊಂಡಿದ್ದಾರೆ ಎಂದು ಬಂದವರು ತಿಳಿಯುತ್ತಿದ್ದರು. ನಾವೂ ಹಾಗೇ ಹೇಳುತ್ತಿದ್ದೆವು. ಪಾಪ, ಆಕೆ ಮಾತ್ರ ಇಷ್ಟೂ ವರ್ಷ ಒಂದು ಬಿರುಕಿಗೆ ಬೆನ್ನು ಕೊಟ್ಟು ನಿಂತಿದ್ದಳು.

ಮನೆ ಕಟ್ಟಿಸಿದ್ದು ಅಪ್ಪ, 1986ರಲ್ಲಿ. ಇಂಜಿನಿಯರ್ ಹತ್ತಿರ ಪ್ಲಾನ್ ಮಾಡಿಸಿ ಅಂದವರಿಗೆ, "ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಪಕ್ಕದಲ್ಲೇ ಇದೆ. ಅದೇ ನೀರು ಕುಡಿದ ನಮಗ್ಯಾಕೆ ಇಂಜಿನಿಯರು?" ಅನ್ನುತ್ತಿದ್ದರಂತೆ. ಅದೇ ನೀರು ಕುಡಿದ ಮೇಸ್ತ್ರಿಯೊಬ್ಬ ಸಿಕ್ಕ. ಕಲ್ಲಿನ ಪಾಯ, ಇಟ್ಟಿಗೆ ಗೋಡೆ, ಕೆಲಸವೇನೋ ಗಟ್ಟಿ. ಎಡವಟ್ಟಾದದ್ದು 1998ರಲ್ಲಿ, ನನ್ನ ಮದುವೆಗೆಂದು ಈಶಾನ್ಯಕ್ಕೆ ಒಂದು ರೂಮು ಸೇರಿಸಿದಾಗ. "ಪಾಯ ಇನ್ನೊಂದಡಿ ಇಳಿಸಪ್ಪಾ" ಅಂದದ್ದಕ್ಕೆ ಮೇಸ್ತ್ರಿ "ಏಮೀ ಕಾದು ಸ್ವಾಮಿ" ಅಂದ. ಏನೂ ಆಗಲ್ಲ ಅನ್ನುವ ಈ ಎರಡು ತೆಲುಗು ಪದಗಳ ಮೇಲೆ ನಮ್ಮ ಕಡೆ ಎಷ್ಟು ಮನೆ ನಿಂತಿವೆಯೋ, ಎಣಿಸದಿರುವುದೇ ವಾಸಿ.

ರೂಮು ನಿಧಾನವಾಗಿ ಆಚೆಗೆ ವಾಲಿತು. ಮಕ್ಕಳು ಗೋಲಿ ಆಡಿದರೆ ಅಷ್ಟೂ ಗೋಲಿ ಒಂದೇ ಮೂಲೆಗೆ ಓಡುತ್ತಿದ್ದವು. ಅಮ್ಮನಿಗೆ ಇದರಿಂದ ಸಂತೋಷವೇ. "ಈಶಾನ್ಯ ತಗ್ಗಿರಬೇಕು ಕಣೋ, ವಾಸ್ತು ಹಾಗೇ ಹೇಳೋದು." ಮುಂದೆ ಮನೆ ಮಾರಾಟಕ್ಕಿಟ್ಟಾಗ ಬ್ರೋಕರ್ ಕೂಡ ಈ ತಗ್ಗನ್ನೇ ತೋರಿಸಿ ರೇಟು ಏರಿಸಿದ.

ಕೊಳ್ಳಲು ಬಂದವನು ದೇವನಹಳ್ಳಿ ಕಡೆ ಕೆಲಸದಲ್ಲಿದ್ದ ಹುಡುಗ. ಇ.ಸಿ., ಖಾತಾ, ಕಂದಾಯದ ರಸೀದಿ ಎಲ್ಲ ಒಪ್ಪಿದ. ಅಡ್ವಾನ್ಸ್ ಕೊಡುವ ಹಿಂದಿನ ದಿನ ಫೋನ್ ಮಾಡಿ, "ಅಂಕಲ್, ನನ್ನ ಫ್ರೆಂಡ್ ಸ್ಟ್ರಕ್ಚರಲ್ ಇಂಜಿನಿಯರ್. ಸುಮ್ನೆ ಒಂದ್ಸಲ ನೋಡ್ಕೊಂಡು ಹೋಗ್ತಾನೆ" ಅಂದ. ಹೆಣ್ಣು ನೋಡಲು ಬರುವವರೂ ಸುಮ್ನೆ ಅಂತಲೇ ಬರುವುದು.

ಇಂಜಿನಿಯರ್ ಕಾಫಿ ಬೇಡ ಅಂದ. ಆಗಲೇ ನನಗೆ ಎದೆ ಧಸಕ್ಕೆಂದಿತು. ಬ್ಯಾಗಿನಿಂದ ಪುಟ್ಟ ಸುತ್ತಿಗೆ ತೆಗೆದು ಬಚ್ಚಲುಮನೆಯ ಸೂರನ್ನು ತಟ್ಟುತ್ತಾ ಹೋದ. ಟಣ್, ಟಣ್, ಟಣ್, ಡಬ್. ಡಬ್ ಅಂದಲ್ಲಿಂದ ಅಂಗೈಯಗಲದ ಚಕ್ಕೆಯೊಂದು ಕಳಚಿ ನನ್ನ ಸ್ನಾನದ ಬಕೆಟ್ಟಿಗೆ ಬಿತ್ತು. ಮೇಲೆ ನೋಡಿದರೆ ಬೆಲ್ಲದ ಬಣ್ಣಕ್ಕೆ ತಿರುಗಿದ ಕಂಬಿ. "ತುಕ್ಕು ಹಿಡಿದ ಕಬ್ಬಿಣ ಊದುತ್ತೆ ಸಾರ್. ಮೊದಲಿದ್ದ ಜಾಗ ಸಾಲದೆ ಸುತ್ತಲಿನ ಕಾಂಕ್ರೀಟನ್ನ ಒದ್ದು ಬೀಳಿಸುತ್ತೆ" ಅಂದ. ಒಬ್ಬನೇ ಅಂತ ಹೇಳಿ ಬಾಡಿಗೆಗೆ ಸೇರಿ, ಆಮೇಲೆ ಊರಿಂದ ಬಂಧುಬಳಗ ಕರೆಸಿಕೊಂಡವರ ನೆನಪಾಯಿತು.

ಅಲ್ಲಿಂದ ಸೀದಾ ನಡುಮನೆಗೆ ಬಂದವನು ಲಕ್ಷ್ಮಿಯ ಮುಂದೆ ನಿಂತ. ಕೈಮುಗಿಯುತ್ತಾನೇನೋ ಅಂದುಕೊಂಡೆ. ಎರಡು ಬೆರಳಲ್ಲಿ ಕ್ಯಾಲೆಂಡರ್ ಎತ್ತಿದ. ಹಳೇ ಗೋಡೆಗೆ ಹೊಸ ಗೋಡೆ ಸೇರುವಲ್ಲಿ ಸೂರಿನಿಂದ ಸೊಂಟದೆತ್ತರದವರೆಗೆ ಬಿರುಕು. ಸ್ಕೇಲ್ ಹಿಡಿದು ನೋಡಿದ: ಮೇಲೆ 4 ಮಿಲಿಮೀಟರ್, ಕೆಳಗೆ ಬರುತ್ತಾ ಕೂದಲೆಳೆ.

ಹೆಂಡತಿ ತಡಮಾಡಲಿಲ್ಲ. "2021ರ ಡಿಸೆಂಬರಲ್ಲಿ ನಮ್ಮ ಜಿಲ್ಲೇಲಿ ಭೂಮಿ ನಡುಗ್ತಲ್ಲ, ಅವಾಗ ಬಿಟ್ಟಿದ್ದು."

ಆತ ಕ್ಯಾಲೆಂಡರಿನ ಮೇಲೆ ಕಣ್ಣಾಡಿಸಿದ. "ಭೂಮಿ ನಡುಗೋಕೆ ಎಂಟು ವರ್ಷ ಮುಂಚೆನೇ ಮುಚ್ಚಿಟ್ಟಿದ್ದೀರಲ್ಲ ಮೇಡಂ!"

ಹೆಂಡತಿ ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದಳು. ಬೇಡ ಅಂದವನೂ ಆಮೇಲೆ ಕುಡಿದ, ನಗು ತಡೆಯಲಾಗದೆ.

ಸಂಜೆ ಪರಿಚಯದ ವಕೀಲರ ಹತ್ತಿರ ಹೋದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಅಂತ ಶುರುಮಾಡಿದರು. ಮಾಮೂಲಿ ಎಚ್ಚರಿಕೆಯಿಂದ ನೋಡಿದರೆ ಸಿಗುವ ದೋಷವನ್ನು ಕೊಳ್ಳುವವನೇ ನೋಡಿಕೊಳ್ಳಬೇಕು. ಹಾಗೆ ಸಿಗದ ದೊಡ್ಡ ದೋಷ ಮಾರುವವನಿಗೆ ಗೊತ್ತಿದ್ದರೆ ಅವನೇ ಬಾಯಿಬಿಟ್ಟು ಹೇಳಬೇಕು. "ಕ್ಯಾಲೆಂಡರ್ ಹಿಂದಿರೋದು ಯಾವ ಲೆಕ್ಕಕ್ಕೆ ಬರುತ್ತೆ?" ಅಂದೆ. "ಮೊಳೆ ಹೊಡೆದವರು ಯಾರು?" ಅಂದರು. ಫೀಸು ಕೇಳದಿದ್ದದ್ದೇ ಪುಣ್ಯ.

ಈ ಮಧ್ಯೆ ಇಂಜಿನಿಯರ್ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಮೆತ್ತಿ ಹೋಗಿದ್ದ. ಗೋಡೆ ಇನ್ನೂ ಜರುಗುತ್ತಿದ್ದರೆ ಗಾಜು ಒಡೆಯುತ್ತದೆ, ನಿಂತಿದ್ದರೆ ಒಡೆಯುವುದಿಲ್ಲ. ಎರಡು ತಿಂಗಳು ಕಾಯಿರಿ ಅಂದಿದ್ದ. ಬೆಳಿಗ್ಗೆ ಎದ್ದು ಅಂಗೈ ನೋಡಿಕೊಳ್ಳುತ್ತಿದ್ದವನು ಈಗ ಗಾಜು ನೋಡತೊಡಗಿದೆ. ನಡುಮನೆಯಲ್ಲಿ ಯಾರೂ ಜೋರಾಗಿ ಸೀನುವಂತಿರಲಿಲ್ಲ. ಬೀದಿಯಲ್ಲಿ ದ್ರಾಕ್ಷಿ ಲಾರಿ ಹೋದರೆ ಗೋಡೆಗೆ ಕೈ ಕೊಟ್ಟು ನಿಲ್ಲುತ್ತಿದ್ದೆ. ನಾನು ಹಿಡಿದರೆ ಅದೇನು ನಿಲ್ಲುತ್ತಿತ್ತೋ!

ಮೂರನೇ ವಾರ ಗಾಜು ಎರಡು ತುಂಡಾಗಿತ್ತು. ಮನೆಯಲ್ಲಿ ಸೂತಕದ ಕಳೆ. ಹುಡುಗನಿಗೆ ಫೋನ್ ಮಾಡಿ "ಬೇರೆ ಮನೆ ನೋಡ್ಕೊಳಪ್ಪಾ" ಅಂತಲೂ ಅಂದುಬಿಟ್ಟೆ. ಎರಡು ದಿನ ಮೌನವಾಗಿದ್ದ ಅಮ್ಮ ಮೂರನೇ ದಿನ ಊಟದ ಹೊತ್ತಲ್ಲಿ, "ಯುಗಾದಿ ಹತ್ರ ಬಂತಲ್ಲ, ಜೇಡರ ಬಲೆ ತೆಗೀತಿದ್ದೆ. ಪೊರಕೆ ಹಿಡಿ ತಗಲ್ತು ಕಣೋ" ಅಂದಳು. ಅನ್ನ ಗಂಟಲಲ್ಲೇ ನಿಂತಿತು, ಆದರೆ ಅಷ್ಟು ರುಚಿಯಾದ ಹುಳಿಯನ್ನು ನಾನು ಆ ವರ್ಷ ತಿಂದಿರಲಿಲ್ಲ.

ಹೊಸ ಗಾಜು ಮೆತ್ತಿದೆವು. ಪೊರಕೆಯನ್ನು ಹಿತ್ತಲಿಗೆ ಗಡೀಪಾರು ಮಾಡಿದೆವು. ಈ ಸಲ ಒಡೆಯಲಿಲ್ಲ. ರೂಮು ವಾಲುವಷ್ಟು ವಾಲಿ ಸುಮ್ಮನಾಗಿದೆ ಅಂತ ತೀರ್ಮಾನವಾಯಿತು. ಕಂಬಿಯ ತುಕ್ಕು ಉಜ್ಜಿ ಸೂರು ಮೆತ್ತಲು, ಎರಡು ಗೋಡೆಗೂ ಕೊಂಡಿ ಹಾಕಲು ಇಂಜಿನಿಯರ್ 2 ಲಕ್ಷದ ಪಟ್ಟಿ ಕೊಟ್ಟ. ಹುಡುಗ 4 ಲಕ್ಷ ಇಳಿಸಿ ಅಂದ, ನಾನು 1 ಅಂದೆ, ಬ್ರೋಕರ್ ಇಬ್ಬರ ಮೊಣಕಾಲೂ ಮುಟ್ಟಿ ಎರಡೂವರೆಗೆ ತಂದು ನಿಲ್ಲಿಸಿದ. ಬಿರುಕಿನ ವಿಷಯ ಅಗ್ರಿಮೆಂಟಿನಲ್ಲೇ ಬರೆಸಿದೆ, ವಕೀಲರ ಭಯಕ್ಕೆ.

ಬೀಗದ ಕೈ ಕೊಡುವ ದಿನ ಲಕ್ಷ್ಮಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟಿದ್ದೆ. ಹುಡುಗ ಗೇಟಿನವರೆಗೂ ಓಡಿ ಬಂದ.

"ಅಂಕಲ್, ರಿಪೇರಿ ಗೃಹಪ್ರವೇಶ ಆದ್ಮೇಲೆ ಮಾಡಿಸ್ತೀನಿ. ಭಾನುವಾರ ನಮ್ಮ ಮಾವ ಬರ್ತಾರೆ..." ಅಂತ ತಲೆ ಕೆರೆದುಕೊಂಡ. "ಆ ಕ್ಯಾಲೆಂಡರ್ ಬಿಟ್ಟು ಹೋಗ್ತೀರಾ?"